ಹೆಲ್ಮೆಟ್ ಕಾನೂನು, ತಲೆಪೆಟ್ಟು ಮತ್ತು ಪರಿಹಾರದ ಲೆಕ್ಕ

"ಇಲ್ಲೇ ಕ್ರಾಸ್‌ಗಂಟ ಹೋಗ್ಬತ್ತೀನಿ ಕಣಮ್ಮ, ಅದಕ್ಯಾಕೆ ಹೆಲ್ಮೆಟ್ಟು?"

ಬೂದಿಗೆರೆಯ ಸುತ್ತಮುತ್ತಲಿನ ಮನೆಗಳಲ್ಲಿ ಈ ಮಾತು ದಿನವೂ ಕೇಳಿಬರುತ್ತದೆ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಹೆಲ್ಮೆಟ್ ಅಲ್ಲೇ ಉಳಿಯುತ್ತದೆ, ಗಾಡಿ ಮಾತ್ರ ಹೊರಡುತ್ತದೆ. ಬೆಂಗಳೂರಿಗೆ ಹೋಗುವುದಾದರೆ ಹೆಲ್ಮೆಟ್ ಬೇಕು, ಏಕೆಂದರೆ ಅಲ್ಲಿ ಪೊಲೀಸರಿದ್ದಾರೆ. ಊರೊಳಗೆ ಬೇಡ, ಏಕೆಂದರೆ ಇಲ್ಲಿ ಕೇಳುವವರಿಲ್ಲ. ನಮ್ಮಲ್ಲಿ ಅನೇಕರು ಹೆಲ್ಮೆಟ್ ಕಾನೂನನ್ನು ಅರ್ಥಮಾಡಿಕೊಂಡಿರುವುದು ಹೀಗೆ.

ಹಳೇ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸಿನಿಂದ ಊರಿನ ಕಡೆಗೆ ಬರುವ ರಸ್ತೆ ಒಂದು ಕಾಲಕ್ಕೆ ಹಳ್ಳಿಯ ರಸ್ತೆಯಾಗಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅದು ಬೆಂಗಳೂರಿನ ಪೂರ್ವಭಾಗದವರಿಗೆ ನಿಲ್ದಾಣದ ಒಳದಾರಿಯಾಯಿತು. ಹಾಲಿನ ಕ್ಯಾನ್ ಕಟ್ಟಿಕೊಂಡ ಟಿ.ವಿ.ಎಸ್. ಗಾಡಿ, ಶಾಲೆಗೆ ಹೊರಟ ಮಕ್ಕಳು, ಜಲ್ಲಿ ತುಂಬಿದ ಟಿಪ್ಪರ್, ವಿಮಾನ ಹಿಡಿಯುವ ಆತುರದ ಟ್ಯಾಕ್ಸಿ, ಎಲ್ಲವೂ ಅದೇ ರಸ್ತೆಯಲ್ಲಿ ಸಾಗಬೇಕು. "ಇಲ್ಲೇ" ಎಂಬ ಮಾತಿಗೆ ಹಿಂದೆ ಇದ್ದ ಅರ್ಥ ಇಂದು ಉಳಿದಿಲ್ಲ.

ದಂಡದ ರಸೀತಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಈ ವಾರ ಹೆಲ್ಮೆಟ್ ಕಾನೂನನ್ನು ಎರಡು ಜಾಗಗಳಿಂದ ನೋಡೋಣ. ಒಂದು ಆಸ್ಪತ್ರೆ, ಇನ್ನೊಂದು ಅಪಘಾತ ಪರಿಹಾರದ ನ್ಯಾಯಮಂಡಳಿ. ಈ ಕಾನೂನಿನ ನಿಜವಾದ ಲೆಕ್ಕ ನಡೆಯುವುದು ಅಲ್ಲಿ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ದ್ವಿಚಕ್ರ ವಾಹನ ಸವಾರರು ಹೆಲ್ಮೆಟ್ ಧರಿಸಬೇಕೆಂದು ವಿಧಿಸುತ್ತದೆ. ಕಾನೂನು ಪುಸ್ತಕದಲ್ಲಿದ್ದರೂ ಬಿಗಿಯಾಗಿ ಜಾರಿಗೆ ಬರಲು ವರ್ಷಗಳೇ ಹಿಡಿದವು. ಬೆಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2006ರ ನವೆಂಬರ್ 1ರಿಂದ. ಹಿಂಬದಿ ಸವಾರರಿಗೂ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಹೆಲ್ಮೆಟ್ ಧರಿಸಬೇಕೆಂದಾಯಿತು. ರುಮಾಲು ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ತಿದ್ದುಪಡಿಯಾದ ಕಾಯ್ದೆಯಲ್ಲಿ 1,000 ರೂಪಾಯಿ ದಂಡವಲ್ಲದೆ ಮೂರು ತಿಂಗಳು ಲೈಸೆನ್ಸ್ ಅನರ್ಹಗೊಳಿಸಲೂ ಅವಕಾಶವಿದೆ. ಸ್ಥಳದಲ್ಲೇ ಕಟ್ಟುವ ದಂಡವನ್ನು ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ 500 ರೂಪಾಯಿಗೆ ಇಳಿಸಿತು.

ಪುಟ್ಟ ಮಕ್ಕಳ ವಿಷಯವನ್ನು ತಂದೆತಾಯಂದಿರು ವಿಶೇಷವಾಗಿ ಗಮನಿಸಬೇಕು. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಕಬೇಕು, ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

129ನೇ ಕಲಮು "ಸಾರ್ವಜನಿಕ ಸ್ಥಳ" ಎನ್ನುತ್ತದೆಯೇ ಹೊರತು "ನಗರ" ಎನ್ನುವುದಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಗೂ ಬೂದಿಗೆರೆಯ ಬಸ್ ನಿಲ್ದಾಣಕ್ಕೂ ಈ ವಿಷಯದಲ್ಲಿ ಕಾಯ್ದೆ ಒಂದೇ.

ತಲೆಯೊಳಗೆ ಏನಾಗುತ್ತದೆ?

ನಮ್ಮ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ಗಟ್ಟಿಯಾದ ತಲೆಬುರುಡೆಯೊಳಗೆ, ತೆಳುವಾದ ದ್ರವದ ನಡುವೆ, ಅದು ತೇಲಿದಂತೆ ಇರುತ್ತದೆ. ಮುಟ್ಟಿದರೆ ಮೊಸರಿನ ಗಡ್ಡೆಯಷ್ಟು ಮೆದು. ಓಡುತ್ತಿರುವ ತಲೆ ರಸ್ತೆಗೆ ಬಡಿದು ತಟ್ಟನೆ ನಿಂತಾಗ ಬುರುಡೆ ನಿಲ್ಲುತ್ತದೆ, ಆದರೆ ಒಳಗಿನ ಮಿದುಳು ನಿಲ್ಲುವುದಿಲ್ಲ. ಅದು ಬುರುಡೆಯ ಗೋಡೆಗೆ ಅಪ್ಪಳಿಸುತ್ತದೆ, ತಿರುಚಿಕೊಳ್ಳುತ್ತದೆ. ನರತಂತುಗಳು ಎಳೆದು ಹರಿಯುತ್ತವೆ, ರಕ್ತನಾಳಗಳು ಒಡೆಯುತ್ತವೆ. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಇಷ್ಟೆಲ್ಲ ಆಗಬಹುದು.

ಹೆಲ್ಮೆಟ್ ಮಾಡುವ ಕೆಲಸ ಸರಳ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಒಂದೇ ಜಾಗಕ್ಕೆ ಬೀಳಲು ಬಿಡದೆ ಅಗಲವಾಗಿ ಹರಡುತ್ತದೆ. ಒಳಗಿನ ಥರ್ಮಾಕೋಲ್ ಪದರ ತಾನು ಜಜ್ಜಿಹೋಗಿ ತಲೆ ನಿಲ್ಲುವುದನ್ನು ಕ್ಷಣದ ಒಂದು ಪಾಲಿನಷ್ಟು ನಿಧಾನಗೊಳಿಸುತ್ತದೆ. ಆ ಕ್ಷಣದ ಪಾಲೇ ಮಿದುಳಿಗೆ ಸಿಗುವ ರಕ್ಷಣೆ.

"ನಾನು ನಿಧಾನವಾಗಿ ಹೋಗುವವನು" ಎನ್ನುವವರು ಈ ಲೆಕ್ಕ ನೋಡಿ. ಗಾಡಿ ನಿಂತಲ್ಲೇ ಮಗುಚಿದರೂ ಸವಾರನ ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬೀಳುತ್ತದೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಕಲ್ಲಿನ ಮೇಲೆ ಬಿದ್ದರೆ ಬುರುಡೆ ಒಡೆಯಲು ಅಷ್ಟೇ ಸಾಕಾಗಬಹುದು.

ಕಾನೂನು ಬಂದರೆ, ಕಾನೂನು ಹೋದರೆ

ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಅಪಘಾತಕ್ಕೀಡಾದ ಸವಾರರಲ್ಲಿ ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆ. ಇದು ಹೆಲ್ಮೆಟ್ಟಿನ ಗುಣ. ಕಾನೂನಿನ ಗುಣವೇನು?

ತೈವಾನಿನಲ್ಲಿ 1997ರ ಜೂನಿನಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಆ ನಂತರ ಮೋಟಾರ್‌ಸೈಕಲ್ ಅಪಘಾತಗಳಿಂದಾಗುವ ತಲೆಪೆಟ್ಟು ಮೂರನೇ ಒಂದು ಭಾಗದಷ್ಟು ಇಳಿಯಿತೆಂದು ಅಲ್ಲಿನ ವೈದ್ಯರು ದಾಖಲಿಸಿದರು. ವಿಯೆಟ್ನಾಂ ನಮ್ಮಂತೆಯೇ ದ್ವಿಚಕ್ರ ವಾಹನಗಳ ದೇಶ. 2007ರ ಡಿಸೆಂಬರ್ 15ರಂದು ಅಲ್ಲಿ ಎಲ್ಲ ರಸ್ತೆಗಳಲ್ಲೂ ಹೆಲ್ಮೆಟ್ ಕಡ್ಡಾಯವಾದಾಗ, ಹೆಲ್ಮೆಟ್ ಧರಿಸುವವರ ಪ್ರಮಾಣ ಕೆಲವೇ ವಾರಗಳಲ್ಲಿ ಶೇ. 90ನ್ನು ದಾಟಿತು. ಆಸ್ಪತ್ರೆಗೆ ಬಂದ ರಸ್ತೆ ಅಪಘಾತದ ಗಾಯಾಳುಗಳಲ್ಲಿ ತಲೆಪೆಟ್ಟಿನ ಸಂಭವ ಶೇ. 16ರಷ್ಟು, ಸಾವಿನ ಸಂಭವ ಶೇ. 18ರಷ್ಟು ಕಡಿಮೆಯಾಯಿತು.

ಇದಕ್ಕೆ ತಿರುವುಮುರುವಾದ ಪಾಠ ಅಮೆರಿಕದ ಮಿಚಿಗನ್ ರಾಜ್ಯದ್ದು. 2012ರ ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರ 21 ವರ್ಷ ಮೀರಿದವರು ಒಂದಿಷ್ಟು ವೈದ್ಯಕೀಯ ವಿಮೆ ಹೊಂದಿದ್ದರೆ ಹೆಲ್ಮೆಟ್ ಬೇಕಿಲ್ಲ ಎಂದಿತು. ವಿಮಾ ಕಂಪನಿಗಳ ದಾಖಲೆಗಳನ್ನು ಪರಿಶೀಲಿಸಿದ ಅಲ್ಲಿನ ಹೆದ್ದಾರಿ ನಷ್ಟ ದತ್ತಾಂಶ ಸಂಸ್ಥೆ ಮರುವರ್ಷವೇ ಫಲಿತಾಂಶ ಪ್ರಕಟಿಸಿತು. ಮೋಟಾರ್‌ಸೈಕಲ್ ಗಾಯದ ಒಂದೊಂದು ಕ್ಲೇಮಿಗೆ ಮೊದಲು ಸರಾಸರಿ 5,410 ಡಾಲರ್ ಪಾವತಿಯಾಗುತ್ತಿದ್ದುದು 7,257 ಡಾಲರಿಗೆ ಏರಿತ್ತು. ನೆರೆಯ ರಾಜ್ಯಗಳಿಗೆ ಹೋಲಿಸಿ, ಬೇರೆ ಕಾರಣಗಳನ್ನು ಕಳೆದು ನೋಡಿದರೂ ಏರಿಕೆ ಸುಮಾರು ಶೇ. 22. ರಸ್ತೆ ಅದೇ, ಗಾಡಿ ಅದೇ. ತಲೆಯ ಮೇಲಿನ ಹೆಲ್ಮೆಟ್ ಹೋದದ್ದರಿಂದ ಗಾಯಗಳು ಗಂಭೀರವಾದವು, ಬಿಲ್ಲು ಬೆಳೆಯಿತು.

ನಮ್ಮ ದೇಶದ ಚಿತ್ರ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಅಂದರೆ ಯಾರದೋ ಹೆಂಡತಿ, ತಾಯಿ, ತಮ್ಮ ಅಥವಾ ಗೆಳೆಯ.

ಪರಿಹಾರದ ಲೆಕ್ಕ ಹೇಗೆ?

ಇನ್ನೊಂದು ವಾಹನದ ತಪ್ಪಿನಿಂದ ನಿಮಗೆ ಗಾಯವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. ಹಣ ಕೊಡುವುದು ಸಾಮಾನ್ಯವಾಗಿ ಆ ವಾಹನದ ವಿಮಾ ಕಂಪನಿ.

28 ವರ್ಷದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ತಿಂಗಳಿಗೆ 15,000 ರೂಪಾಯಿ ಸಂಪಾದನೆ. ತಲೆಪೆಟ್ಟಿನಿಂದ ಅವನ ದುಡಿಯುವ ಶಕ್ತಿ ಶೇ. 40ರಷ್ಟು ಕುಂದಿದೆ ಎಂದು ನ್ಯಾಯಮಂಡಳಿ ತೀರ್ಮಾನಿಸಿದೆ. ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದ ಪಟ್ಟಿಯಂತೆ 26ರಿಂದ 30 ವರ್ಷದವರಿಗೆ ಗುಣಕ 17. ವರ್ಷದ ಆದಾಯ 1,80,000 ರೂಪಾಯಿಯನ್ನು 17ರಿಂದ ಗುಣಿಸಿ ಶೇ. 40 ತೆಗೆದರೆ 12,24,000 ರೂಪಾಯಿ. ಇದರ ಜೊತೆಗೆ ಆಸ್ಪತ್ರೆ ಖರ್ಚು, ನೋವಿನ ಬಾಬ್ತು, ಭವಿಷ್ಯದ ಆದಾಯದ ಅಂಶ ಮುಂತಾದವು ಸೇರಬಹುದು.

ಅಪಘಾತದಲ್ಲಿ ಗಾಯಾಳುವಿನ ಪಾಲೂ ಶೇ. 20 ಇದೆ ಎಂದು ತೀರ್ಮಾನವಾದರೆ ಈ ಮೊತ್ತದಲ್ಲಿ 2,44,800 ರೂಪಾಯಿ ಕಡಿತವಾಗುತ್ತದೆ. ವಕೀಲರು "ಸಹ ನಿರ್ಲಕ್ಷ್ಯ" ಎನ್ನುವುದು ಇದನ್ನೇ.

ಹೆಲ್ಮೆಟ್ ಇಲ್ಲದಿದ್ದರೆ ಪರಿಹಾರವೇ ಇಲ್ಲವೇ?

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. "ಹೆಲ್ಮೆಟ್ ಇರಲಿಲ್ಲ, ಇನ್ನು ಒಂದು ಪೈಸೆಯೂ ಬರುವುದಿಲ್ಲ" ಎಂದು ಕೆಲವರು ಕೇಸನ್ನೇ ಹಾಕುವುದಿಲ್ಲ. ಇನ್ನು ಕೆಲವರು ಯಾರದೋ ಮಾತು ಕೇಳಿ, ಹೆಲ್ಮೆಟ್ ಇತ್ತು ಎಂದು ಸುಳ್ಳು ಬರೆಸಲು ಹೋಗುತ್ತಾರೆ. ಎರಡೂ ತಪ್ಪು.

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದೇ ಮೋಟಾರ್‌ಸೈಕಲ್ಲಿನಲ್ಲಿ ಮೂವರು ಕುಳಿತಿದ್ದ ಪ್ರಕರಣವೊಂದರಲ್ಲಿ ಮುಖ್ಯವಾದ ತತ್ವವನ್ನು ವಿವರಿಸಿತು. ಕಾನೂನು ಮುರಿದದ್ದೇ ಸಹ ನಿರ್ಲಕ್ಷ್ಯವಾಗುವುದಿಲ್ಲ. ಆ ಉಲ್ಲಂಘನೆಯಿಂದ ಅಪಘಾತವಾಯಿತು, ಅಥವಾ ಪೆಟ್ಟಿನ ಪರಿಣಾಮ ಹೆಚ್ಚಾಯಿತು ಎಂಬ ಸಂಬಂಧ ಸಾಬೀತಾಗಬೇಕು. ಹೆಲ್ಮೆಟ್ ಧರಿಸಿರಲಿಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯಯುತ ಪರಿಹಾರ ನಿರಾಕರಿಸಲಾಗದು ಎಂಬರ್ಥದ ತೀರ್ಪನ್ನು ಕರ್ನಾಟಕ ಹೈಕೋರ್ಟ್ 2025ರಲ್ಲಿ ನೀಡಿದೆ.

ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಹೆಲ್ಮೆಟ್ ಇಲ್ಲದೆ ಕಾಲು ಮುರಿದುಕೊಂಡವನಿಗೆ ಈ ಪ್ರಶ್ನೆ ಅಷ್ಟಾಗಿ ತಟ್ಟದು, ಏಕೆಂದರೆ ಹೆಲ್ಮೆಟ್ ಇದ್ದಿದ್ದರೂ ಕಾಲು ಮುರಿಯುತ್ತಿತ್ತು. ತಲೆಗೇ ಪೆಟ್ಟು ಬಿದ್ದವನ ಮಾತು ಬೇರೆ. "ಹೆಲ್ಮೆಟ್ ಇದ್ದಿದ್ದರೆ ಇಷ್ಟು ಗಾಯವಾಗುತ್ತಿತ್ತೆ?" ಎಂದು ವಿಮಾ ಕಂಪನಿಯ ವಕೀಲರು ಕೇಳಿಯೇ ಕೇಳುತ್ತಾರೆ. ಹಣ ಅತಿ ಹೆಚ್ಚು ಬೇಕಾದ ಕುಟುಂಬವೇ ಈ ವಾದವನ್ನು ಎದುರಿಸಬೇಕಾಗುತ್ತದೆ.

ಎದುರು ವಾಹನವೇ ಇಲ್ಲದಿದ್ದರೆ?

ನಾಯಿ ಅಡ್ಡ ಬಂತು, ಹಳ್ಳಕ್ಕೆ ಚಕ್ರ ಇಳಿಯಿತು, ಮಳೆಯಲ್ಲಿ ಜಾರಿತು. ಹಳ್ಳಿಯ ರಸ್ತೆಗಳಲ್ಲಿ ಹೀಗೆ ಬೀಳುವವರೂ ಕಡಿಮೆಯಿಲ್ಲ. ಇಲ್ಲಿ ತಪ್ಪು ಹೊರಿಸಲು ಇನ್ನೊಂದು ವಾಹನವಿರುವುದಿಲ್ಲ. ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಒಮ್ಮೆ ಪಾಲಿಸಿ ತೆಗೆದು ಓದಬೇಕು.

ಮೂರನೇ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ಪಾಲಿಸಿ, ನಿಮ್ಮಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ನಿಮಗಾಗಿ ಇರುವುದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ಇದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಇದು ಸಾವು, ಅಂಗನಷ್ಟ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಸಲ್ಲುವಂಥದ್ದು. ತುರ್ತು ನಿಗಾ ಘಟಕದ ಬಿಲ್ಲನ್ನು ಇದು ಕಟ್ಟುವುದಿಲ್ಲ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಓಡಿಸಿದ್ದು ಮಗನಾದರೆ ಇದು ಸಿಗುವುದೂ ಕಷ್ಟ.

ಹಿಂದೆ ಕುಳಿತವರ ಸ್ಥಿತಿ ಇನ್ನೂ ನಾಜೂಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಗಾಡಿಯಲ್ಲಿ ಹಿಂದೆ ಕುಳಿತವರಿಗೆ ಅದೇ ಗಾಡಿಯ ಪಾಲಿಸಿಯಿಂದ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ರಕ್ಷಣೆ ಉಂಟು. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಮಗು ಇಟ್ಟುಕೊಂಡು ಕುಳಿತ ಹೆಂಗಸಿಗೆ ಹಿಡಿಯಲು ಸರಿಯಾದ ಆಸರೆಯಿಲ್ಲ. ಆಕೆಯ ತಲೆಗೂ ಮಗುವಿನ ತಲೆಗೂ ಹೆಲ್ಮೆಟ್ ಇಲ್ಲ. ಆಕೆಯ ಹೆಸರಿಗೆ ವಿಮೆಯೂ ಇಲ್ಲ. ನಮ್ಮ ಮನೆಗಳಲ್ಲಿ ಗಂಡಸಿಗೊಂದು ಹೆಲ್ಮೆಟ್ ಇರುತ್ತದೆ, ಹೆಂಗಸಿಗೆ ಇರುವುದಿಲ್ಲ. ಈ ಲೇಖನ ಓದಿದ ಮೇಲೆ ನೀವು ಮಾಡಬೇಕಾದ ಮೊದಲ ಕೆಲಸ ಎರಡನೆಯ ಹೆಲ್ಮೆಟ್ ಕೊಳ್ಳುವುದು.

ಕಾಣದ ಗಾಯ

ಮುರಿದ ಮೂಳೆ ಎಕ್ಸ್-ರೇಯಲ್ಲಿ ಕಾಣುತ್ತದೆ. ಗಾಯದ ಕಲೆ ಕಣ್ಣಿಗೆ ಕಾಣುತ್ತದೆ. ಮಿದುಳಿನ ಗಾಯದ ಪರಿಣಾಮಗಳು ಹಾಗಲ್ಲ. ಗಾಯ ಮಾಗಿ ಮನೆಗೆ ಬಂದವನು ನೋಡಲು ಮೊದಲಿನಂತೆಯೇ ಇರುತ್ತಾನೆ. ಆದರೆ ಹೇಳಿದ್ದು ನೆನಪಿರುವುದಿಲ್ಲ. ಸಣ್ಣ ಮಾತಿಗೆ ಸಿಡುಕುತ್ತಾನೆ. ಒಂದು ಕೆಲಸದಲ್ಲಿ ಹತ್ತು ನಿಮಿಷ ಮನಸ್ಸು ನಿಲ್ಲುವುದಿಲ್ಲ. ವಾಸನೆ ತಿಳಿಯುವುದಿಲ್ಲ. ಕೆಲವರಿಗೆ ತಿಂಗಳುಗಳ ನಂತರ ಫಿಟ್ಸ್ ಶುರುವಾಗುತ್ತದೆ. "ಆಕ್ಸಿಡೆಂಟ್ ಆದಮೇಲೆ ಇವನು ಬದಲಾಗಿಬಿಟ್ಟ" ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಇದು ಸ್ವಭಾವದ ದೋಷವಲ್ಲ, ಗಾಯದ ಲಕ್ಷಣ.

ಇವನ್ನು ವೈದ್ಯರಿಗೆ ಹೇಳದಿದ್ದರೆ ದಾಖಲೆಯಲ್ಲಿ ಬರುವುದಿಲ್ಲ. ದಾಖಲೆಯಲ್ಲಿಲ್ಲದ್ದು ನ್ಯಾಯಮಂಡಳಿಯ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಮನೆಯವರು ಇಂಥ ಬದಲಾವಣೆಗಳನ್ನು ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಬೇಕು. ಸ್ಮರಣೆ, ಗಮನ, ನಡವಳಿಕೆಗಳನ್ನು ಅಳೆಯುವ ಪರೀಕ್ಷೆಗಳು ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಲಭ್ಯ. ಚಿಕಿತ್ಸೆಗೂ ಅದು ಅಗತ್ಯ, ಪರಿಹಾರಕ್ಕೂ ಆಧಾರ.

ಹೆಲ್ಮೆಟ್ ಮುಖ್ಯವಾಗಿ ಕಾಪಾಡುವುದು ಇವನ್ನೇ: ನೆನಪು, ಮಾತು, ತಾಳ್ಮೆ, ತಿಳಿವಳಿಕೆ. ಪರಿಹಾರದ ಹಣ ಅಳೆಯಲು ಅತ್ಯಂತ ಕಷ್ಟಪಡುವುದೂ ಇವನ್ನೇ.

ನೆಲಮಂಗಲದ ಬಳಿ ನಡೆದದ್ದು

ಹೆಲ್ಮೆಟ್ ಎಲ್ಲ ಗಾಯಗಳನ್ನೂ ತಡೆಯಲಾರದು. 2016ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ನೆಲಮಂಗಲದ ಬಳಿ ಲಾರಿ ಅಪಘಾತದಲ್ಲಿ ಹರೀಶ್ ಎಂಬ ಯುವಕನ ದೇಹ ತುಂಡಾಯಿತು. ಸಾಯುವ ಮುನ್ನ ಆತ ತನ್ನ ಅಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡ. ಆತ ಹೆಲ್ಮೆಟ್ ಧರಿಸಿದ್ದರಿಂದ ಕಣ್ಣುಗಳಿಗೆ ಹಾನಿಯಾಗಿರಲಿಲ್ಲ, ಅವನ್ನು ದಾನವಾಗಿ ಪಡೆಯಲಾಯಿತು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ ಆ ವರ್ಷವೇ ಆತನ ಹೆಸರಿನಲ್ಲಿ ಆರಂಭಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಅಪಘಾತವಾದಾಗ ಏನು ಮಾಡಬೇಕು?

* ಮೊದಲು 108 ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ, ಹೆದರಬೇಡಿ. ಬೂದಿಗೆರೆಯಿಂದ ನಿಮ್ಹಾನ್ಸ್ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ. ನೇರವಾಗಿ ಅಲ್ಲಿಗೇ ಹೋಗಬೇಕೆಂದಿಲ್ಲ. ಉಸಿರಾಟ, ರಕ್ತಸ್ರಾವಗಳನ್ನು ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಹತೋಟಿಗೆ ತರಬೇಕು.

* ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ. ಕುತ್ತಿಗೆಯ ಮೂಳೆ ಮುರಿದಿದ್ದರೆ ಕೈಕಾಲು ಸ್ವಾಧೀನ ತಪ್ಪೀತು. ಉಸಿರಾಟಕ್ಕೆ ಅಡ್ಡಿಯಾದರೆ ಮಾತ್ರ, ಒಬ್ಬರು ತಲೆ ಕುತ್ತಿಗೆ ಅಲುಗದಂತೆ ಹಿಡಿದು ಇನ್ನೊಬ್ಬರು ನಿಧಾನವಾಗಿ ತೆಗೆಯಬೇಕು.

* ನೀರು, ಸೋಡಾ, ಕಾಫಿ ಕುಡಿಸಬೇಡಿ.

* "ಏನೂ ಆಗಿಲ್ಲ" ಎಂದು ಎದ್ದು ನಡೆದವರನ್ನೂ 24 ಗಂಟೆ ಗಮನಿಸಿ. ಬುರುಡೆಯೊಳಗೆ ನಿಧಾನವಾಗಿ ರಕ್ತ ತುಂಬುವಾಗ ಮೊದಲ ಕೆಲವು ಗಂಟೆ ಮಾತುಕತೆ ಸರಿಯಾಗಿಯೇ ಇರಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಮಾತಿನಲ್ಲಿ ತೊದಲು, ಫಿಟ್ಸ್, ಕೈಕಾಲಿನ ನಿಶ್ಶಕ್ತಿ, ಮೂಗು ಕಿವಿಗಳಿಂದ ರಕ್ತ ಅಥವಾ ನೀರಿನಂಥ ದ್ರವ ಕಂಡರೆ ತಡಮಾಡದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

* ರಸ್ತೆ ಅಪಘಾತವೆಂದೇ ಆಸ್ಪತ್ರೆಯಲ್ಲಿ ಬರೆಸಿ. ಪೊಲೀಸ್ ದೂರಿನ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲಂ, ಔಷಧದ ಬಿಲ್ಲುಗಳನ್ನು ಒಂದೇ ಫೈಲಿನಲ್ಲಿಡಿ. 2022ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಆದ್ದರಿಂದ ಕಾಯುತ್ತ ಕೂರಬೇಡಿ.

ಹೆಲ್ಮೆಟ್ ಕೊಳ್ಳುವಾಗ, ಧರಿಸುವಾಗ

2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಐ.ಎಸ್. 4151 ಎಂಬ ಸಂಖ್ಯೆ ಇದೆಯೇ ನೋಡಿ. ಕಾರ್ಖಾನೆಯ ಟೋಪಿ, ರಸ್ತೆಬದಿಯ ಅರ್ಧ ಚಿಪ್ಪು, ಇವು ದಂಡದಿಂದ ಉಳಿಸಿಯಾವು, ಪೆಟ್ಟಿನಿಂದಲ್ಲ. ತಲೆಗೆ ಬಿಗಿಯಾಗಿ ಕೂರಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಮಾತ್ರ ಅಲುಗಬಾರದು. ಗಲ್ಲದ ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಪಟ್ಟಿ ಕಟ್ಟಬೇಕೆಂದು 129ನೇ ಕಲಮೇ ಹೇಳುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಜಜ್ಜಿಹೋಗಿರುತ್ತದೆ, ಬದಲಾಯಿಸಿ.

ಸೆಕೆಯಾಗುತ್ತದೆ, ಕೂದಲು ಉದುರುತ್ತದೆ ಎನ್ನುವವರು ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡು ಅದನ್ನು ದಿನವೂ ಒಗೆಯಲಿ. ಅದರಿಂದ ಬೆವರಿನ ಕಿರಿಕಿರಿ ಬಹುಮಟ್ಟಿಗೆ ತಗ್ಗುತ್ತದೆ.

ನಾಳೆ ಬೆಳಿಗ್ಗೆ ಮನೆಯಲ್ಲಿ ಯಾರಾದರೂ "ಇಲ್ಲೇ ಹೋಗ್ಬತ್ತೀನಿ" ಎಂದರೆ ವಾದ ಮಾಡುತ್ತ ನಿಲ್ಲಬೇಡಿ. ಮೊಳೆಯ ಮೇಲಿನ ಹೆಲ್ಮೆಟ್ ತೆಗೆದು ಕೈಗೆ ಕೊಡಿ. ಪಟ್ಟಿ ಕಟ್ಟಿದ ಸದ್ದು ಕೇಳಿದ ಮೇಲೆ ಬಾಗಿಲು ಹಾಕಿಕೊಳ್ಳಿ.